ಹಗಲಿನ ಬಿಸಿಲು, ಸಂಜೆಯ ಬೇಡಿಕೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ‘ಶಕ್ತಿ ಸ್ಥಳ’ ದೇಶದ ಬಹುದೊಡ್ಡ ಸೌರ ಪಾರ್ಕ್‌ಗಳಲ್ಲಿ ಒಂದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಇದರ ಸಾಮರ್ಥ್ಯ 2,050 ಮೆಗಾವಾಟ್. ಮೊದಲ ಹಂತ 2018ರಲ್ಲಿ ಚಾಲನೆಗೊಂಡಿತು. 2019ರ ಕೊನೆಗೆ ಇಡೀ ಪಾರ್ಕ್ ಸಿದ್ಧವಾಯಿತು. ಸ್ವಚ್ಛ ಇಂಧನದ ಭರವಸೆಯೂ ಅದರ ತೊಡಕುಗಳೂ ಒಟ್ಟಿಗೆ ಕಾಣಸಿಗುವ ಜಾಗವಿದು.

ಇಲ್ಲಿ ಸರ್ಕಾರ ಜಮೀನನ್ನು ಕೊಳ್ಳಲಿಲ್ಲ. ರೈತರಿಂದ ದೀರ್ಘಾವಧಿ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ನಿಗದಿತ ಅವಧಿಗೊಮ್ಮೆ ಏರುತ್ತದೆ. ಮಳೆ ನೆಚ್ಚಿ ಶೇಂಗಾ ಬಿತ್ತಿ, ಬೆಳೆ ಕೈಗೆ ಬಾರದೆ ಸೋಲುತ್ತಿದ್ದ ಕುಟುಂಬಗಳಿಗೆ ಇದು ಖಚಿತ ಆದಾಯ. ಜಮೀನಿನ ಒಡೆತನವೂ ಅವರಲ್ಲೇ ಉಳಿಯಿತು. ಆದರೆ ಭೂಮಿಯೇ ಇಲ್ಲದವರಿಗೆ ಬಾಡಿಗೆಯೂ ಇಲ್ಲ. ಹೊಲದ ಕೂಲಿ ಹೋಯಿತು, ಕುರಿ-ಮೇಕೆ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಸೌರ ಪಾರ್ಕ್‌ಗಳ ಲಾಭ-ನಷ್ಟದ ಲೆಕ್ಕದಲ್ಲಿ ಈ ಜನರನ್ನೂ ಸೇರಿಸಬೇಕು.

ಸೌರ ಫಲಕದ ಕೆಲಸ ಸರಳ. ಬೆಳಕು ಸಿಲಿಕಾನ್ ಪದರಕ್ಕೆ ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ಬಿಡುಗಡೆಗೊಂಡು ಒಂದೇ ದಿಕ್ಕಿಗೆ ಹರಿಯುತ್ತವೆ. ಹೀಗೆ ಹುಟ್ಟಿದ ಡಿ.ಸಿ. ವಿದ್ಯುತ್ತನ್ನು ಇನ್ವರ್ಟರ್ ಎ.ಸಿ.ಗೆ ಬದಲಿಸುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಕೋಶ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದಿನ ಫಲಕಗಳು ಶೇ 20ಕ್ಕೂ ಹೆಚ್ಚು ಪರಿವರ್ತಿಸುತ್ತವೆ. ಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ: ಅದು ಕಾದಷ್ಟೂ ಉತ್ಪಾದನೆ ಇಳಿಯುತ್ತದೆ. ದೂಳು ಕೂತರೂ ಅಷ್ಟೇ. ಬರದ ನಾಡಿನಲ್ಲಿ ಫಲಕ ತೊಳೆಯಲು ನೀರು ಹೊಂದಿಸುವುದೇ ಕಷ್ಟವಾದ್ದರಿಂದ, ನೀರಿಲ್ಲದೆ ಒರೆಸುವ ಯಂತ್ರಗಳು ಬಳಕೆಗೆ ಬಂದಿವೆ.

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ರಾತ್ರಿ, ಮೋಡ, ಬೆಳಗು-ಸಂಜೆಯ ಎಳೆಬಿಸಿಲು ಎಲ್ಲವನ್ನೂ ಕಳೆದರೆ ಸೌರ ಘಟಕವೊಂದು ವರ್ಷದಲ್ಲಿ ಕೊಡುವುದು ತನ್ನ ಪೂರ್ಣ ಸಾಮರ್ಥ್ಯದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ. ಅದೂ ಬಹುಪಾಲು ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರೊಳಗೆ. ಮನೆಗಳಲ್ಲಿ ದೀಪ, ಟಿ.ವಿ., ಫ್ಯಾನು, ಮಿಕ್ಸಿ ಒಟ್ಟಿಗೆ ಓಡುವ ಸಂಜೆಯ ಹೊತ್ತಿಗೆ ಸೌರ ವಿದ್ಯುತ್ ಶೂನ್ಯಕ್ಕಿಳಿದಿರುತ್ತದೆ. ಗ್ರಿಡ್‌ನಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿಕ್ಷಣವೂ ಸರಿದೂಗಬೇಕು. ತಪ್ಪಿದರೆ 50 ಹರ್ಟ್ಸ್‌ನ ಆವರ್ತನ ಏರುಪೇರಾಗುತ್ತದೆ. ಹೀಗಾಗಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳಂಥವು ಹಗಲು ತಗ್ಗಿ ಸಂಜೆ ಏರಬೇಕಾಗುತ್ತದೆ. ಅವುಗಳ ಬಾಯ್ಲರುಗಳನ್ನು ಸ್ವಿಚ್ಚು ಒತ್ತಿದಂತೆ ಆರಿಸಿ ಹೊತ್ತಿಸಲಾಗದು.

ಗಾಳಿ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಚಿತ್ರದುರ್ಗ, ಗದಗ ಜಿಲ್ಲೆಗಳ ಗಾಳಿಯಂತ್ರಗಳು ಮೋಡ ಕವಿದ ಮುಂಗಾರಿನಲ್ಲಿ ಚೆನ್ನಾಗಿ ತಿರುಗುತ್ತವೆ, ರಾತ್ರಿಯೂ ವಿದ್ಯುತ್ ಕೊಡುತ್ತವೆ. ಜಲವಿದ್ಯುತ್ತನ್ನು ಬೇಕೆಂದಾಗ ಪಡೆಯಬಹುದು. ಶರಾವತಿಯ 1,035 ಮೆಗಾವಾಟ್ ಘಟಕ ಸಂಜೆಯ ಹೊತ್ತಿಗೆ ದೊಡ್ಡ ಆಸರೆ. ಆದರೆ ಅದಕ್ಕೂ ಮಳೆ ಬೀಳಬೇಕು. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯ ವಿದ್ಯುತ್ ಅಭಾವ ಎದುರಿಸಿತು.

ಆದ್ದರಿಂದಲೇ ಸಂಗ್ರಹಣೆಗೆ ಈಗ ಇಷ್ಟು ಮಹತ್ವ. ಲಿಥಿಯಂ ಬ್ಯಾಟರಿಗಳು ಕೆಲವು ಗಂಟೆಗಳ ವಿದ್ಯುತ್ತನ್ನು ಹಿಡಿದಿಡುತ್ತವೆ, ಎಲ್ಲಿ ಬೇಕಾದರೂ ಕೂರುತ್ತವೆ. ಆದರೆ ವರ್ಷಗಳು ಕಳೆದಂತೆ ಸವೆಯುತ್ತವೆ. ಇನ್ನೊಂದು ದಾರಿ ಪಂಪ್ಡ್ ಸ್ಟೋರೇಜ್: ವಿದ್ಯುತ್ ಮಿಗುವ ಹೊತ್ತಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಹಾಕಿದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಮರಳಿ ಸಿಗುತ್ತದೆ. ಗೇರುಸೊಪ್ಪೆ ಮತ್ತು ತಳಕಳಲೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಇಂಥ ಯೋಜನೆಯನ್ನು ರೂಪಿಸಲಾಗಿದೆ. ಜಲಾಶಯಗಳು ಈಗಾಗಲೇ ಇರುವುದು ಅದರ ಅನುಕೂಲ. ಆದರೆ ಸುರಂಗ ಕೊರೆಯಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಒಮ್ಮೆ ಕಡಿದ ಪಶ್ಚಿಮಘಟ್ಟದ ಕಾಡನ್ನು ಮರಳಿ ಬೆಳೆಸಲಾಗದು ಎಂಬ ವಿರೋಧದಲ್ಲಿ ಹುರುಳಿದೆ. ಇಂಗಾಲ ಹೊಮ್ಮದ ಮಾತ್ರಕ್ಕೆ ಯೋಜನೆಯೊಂದು ನಿರಪಾಯಕಾರಿ ಆಗುವುದಿಲ್ಲ.

ಬಳಕೆಯ ಹೊತ್ತನ್ನೇ ಬದಲಿಸುವುದು ಇದಕ್ಕಿಂತ ಅಗ್ಗದ ದಾರಿ. ರಾಜ್ಯದ ನೀರಾವರಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ವಿದ್ಯುತ್ ಕೊಡುವ ನೀತಿಯಿದೆ. ರೈತ ನಡುರಾತ್ರಿ ಹಾವು-ಚೇಳಿನ ಭಯದಲ್ಲಿ ಮೋಟಾರು ಹಾಕುವ ಬದಲು ಆ ವಿದ್ಯುತ್ ಹಗಲಿನಲ್ಲೇ ಸಿಕ್ಕರೆ, ಸೌರ ವಿದ್ಯುತ್ ಸಂಗ್ರಹಣೆಯ ಖರ್ಚಿಲ್ಲದೆ ನೇರವಾಗಿ ಬಳಕೆಯಾಗುತ್ತದೆ. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯಡಿ ಕೃಷಿ ಫೀಡರುಗಳಿಗೆ ಹತ್ತಿರದಲ್ಲೇ ಸಣ್ಣ ಸೌರ ಘಟಕ ಜೋಡಿಸುವ ಉದ್ದೇಶವೂ ಇದೇ. ದೂರದ ಸಾಗಣೆಯಲ್ಲಿ ಆಗುವ ಸೋರಿಕೆಯೂ ಇದರಿಂದ ತಗ್ಗುತ್ತದೆ.

ಫಲಕಗಳ ಆಯಸ್ಸು ಸುಮಾರು 25 ವರ್ಷ. ಪಾವಗಡದಲ್ಲಿ ಹಾಕಿದವು 2040ರ ದಶಕದಲ್ಲಿ ಗಾಜು, ಅಲ್ಯೂಮಿನಿಯಂ, ಸಿಲಿಕಾನ್, ಬೆಳ್ಳಿ, ಸೀಸಗಳ ರಾಶಿಯಾಗಿ ಹೊರಬೀಳಲಿವೆ. 2022ರ ಇ-ತ್ಯಾಜ್ಯ ನಿಯಮಗಳು ಇವನ್ನೂ ಒಳಗೊಂಡಿವೆ. ಮರುಬಳಕೆಯ ಘಟಕಗಳನ್ನು ಈಗಿನಿಂದಲೇ ಸಜ್ಜುಗೊಳಿಸಬೇಕಿದೆ.

ಭಾರತ 2030ರೊಳಗೆ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ. ಫಲಕಗಳ ಬೆಲೆ ಇಳಿದಿರುವುದರಿಂದ ವಿದ್ಯುತ್ ಉತ್ಪಾದಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಉತ್ಪಾದನೆಯಾದದ್ದು ಬೇಕಾದ ಹೊತ್ತಿಗೆ, ಬೇಕಾದ ಊರಿಗೆ, ಕಾಡನ್ನೂ ಕೂಲಿಯವರನ್ನೂ ಬಲಿಕೊಡದೆ ತಲುಪಬೇಕು. ಈ ಗುರಿಯ ಯಶಸ್ಸನ್ನು ಮೆಗಾವಾಟ್‌ಗಳ ಜೊತೆಗೆ ಈ ಅಳತೆಯಿಂದಲೂ ನೋಡಬೇಕಾಗುತ್ತದೆ.