ನಿಕಿತಿನ್ ಕಂಡ ಬೀದರ್, ಆಳಂದ

ರಷ್ಯನ್ ಅಧ್ಯಯನ, ಎಂದರೆ ಭಾಷೆಯೊಡನೆ ಆ ನಾಡಿನ ಸಾಹಿತ್ಯ, ಇತಿಹಾಸ, ಸಮಾಜಗಳನ್ನು ಒಟ್ಟಾಗಿ ಅಭ್ಯಸಿಸುವ ವಿಶ್ವವಿದ್ಯಾಲಯದ ಶಿಸ್ತು, ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರದ ಕನ್ನಡಿಗರಿಗೆ ದೂರದ್ದೆಂದು ತೋರಬಹುದಾದರೂ, ಅದರ ಮಹತ್ವದ ಪ್ರಾಚೀನ ಪಠ್ಯವೊಂದಕ್ಕೆ ಈ ನೆರೆಹೊರೆಯೇ ವಸ್ತುವಾಗಿದೆ. ವೋಲ್ಗಾ ತೀರದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್, ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ತಲುಪುವುದಕ್ಕೆ ಸುಮಾರು ಮೂರು ದಶಕ ಮೊದಲೇ ಚೌಲ್ ಬಂದರಿನಲ್ಲಿಳಿದು, ಜುನ್ನರ್ ಮಾರ್ಗವಾಗಿ ಬಹಮನಿ ರಾಜಧಾನಿ ಬೀದರಿಗೆ ಬಂದು, ತಾನು ತಂದಿದ್ದ ಕುದುರೆಯನ್ನು ಅಲ್ಲಿ ಮಾರಿದನು. ಸುಲ್ತಾನನ ಮೆರವಣಿಗೆಯ ಆನೆಗಳು, ಅಮೀರರ ವೈಭವ, ಹಳ್ಳಿಗರ ಬಡತನ, ಉಮರ್ಗಾದ ಮಗ್ಗುಲಲ್ಲೇ ಇರುವ ಆಳಂದದ ಜಾತ್ರೆಯ ಕುದುರೆ ವ್ಯಾಪಾರ, ಇವೆಲ್ಲವೂ ಅವನ ‘ಮೂರು ಸಮುದ್ರಗಳಾಚೆಯ ಯಾನ’ದಲ್ಲಿ ದಾಖಲಾಗಿವೆ. ಹಳೆಯ ರಷ್ಯನ್ನಿನೊಳಗೆ ತುರ್ಕಿ, ಪಾರಸಿ, ಅರಬ್ಬಿ ಬೆರೆತ ಈ ಬರಹವನ್ನು ರಷ್ಯದ ವಿದ್ವಾಂಸರು ಶ್ರದ್ಧೆಯಿಂದ ಪರಿಷ್ಕರಿಸಿದ್ದಾರೆ. ಆದರೆ ಅದರೊಳಗಿನ ಊರು, ಊಟ, ಉರುಸುಗಳನ್ನು ಹತ್ತಿರದಿಂದ ಬಲ್ಲ, ಕನ್ನಡ, ಮರಾಠಿ, ದಖನಿಗಳ ನಡುವೆ ಬೆಳೆದ ಗಡಿಯ ವಿದ್ಯಾರ್ಥಿಗೆ ಇರುವ ಅನುಕೂಲ ಮಾಸ್ಕೋದ ಓದುಗನಿಗೂ ಇಲ್ಲ. ಈ ಅನುಕೂಲವನ್ನು ಬಳಸಿಕೊಳ್ಳಬಯಸುವವರಿಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಕಲಿಸಲಾಗುತ್ತದೆ. ಉದಗೀರದಿಂದ ಬೀದರ್ ಮಾರ್ಗವಾಗಿ ಅಲ್ಲಿಗೆ ರೈಲು ಸಂಪರ್ಕವೂ ಇದೆ.