ನಿಮಗಿದು ಗೊತ್ತೆ? ದಾನದ ರಕ್ತಕ್ಕೆ ಐದು ಕಡ್ಡಾಯ ಪರೀಕ್ಷೆ
ಭಾರತದಲ್ಲಿ ದಾನವಾಗಿ ಪಡೆದ ರಕ್ತದ ಪ್ರತಿಯೊಂದು ಯೂನಿಟ್ಟನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಎಂಬ ಐದು ಸೋಂಕುಗಳಿಗಾಗಿ ಕಡ್ಡಾಯವಾಗಿ ಪರೀಕ್ಷಿಸಲಾಗುತ್ತದೆ. ಫಲಿತಾಂಶ ಬರುವವರೆಗೆ ಚೀಲವನ್ನು ಪ್ರತ್ಯೇಕವಾಗಿರಿಸಿ, ಸೋಂಕು ಕಂಡುಬಂದಲ್ಲಿ ನಾಶಪಡಿಸಲಾಗುತ್ತದೆ.

ಸೋಂಕು ತಗುಲಿದ ಆರಂಭದಲ್ಲಿ ವೈರಾಣು ದೇಹದಲ್ಲಿದ್ದರೂ ಪರೀಕ್ಷೆಗೆ ಸಿಗದ ಕಾಲಾವಧಿಯೊಂದಿದ್ದು, ಅದನ್ನು ‘ವಿಂಡೋ ಅವಧಿ’ ಎನ್ನುತ್ತಾರೆ. ದೇಹವು ಸೋಂಕಿನ ವಿರುದ್ಧ ಉತ್ಪಾದಿಸುವ ಪ್ರತಿಕಾಯಗಳಿಗೆ ಬದಲಾಗಿ ವೈರಾಣುವಿನ ಆನುವಂಶಿಕ ದ್ರವ್ಯವನ್ನೇ ಪತ್ತೆಹಚ್ಚುವ ‘ನ್ಯಾಟ್’ ಪರೀಕ್ಷೆಯು ಈ ಅವಧಿಯನ್ನು ಕುಗ್ಗಿಸುತ್ತದೆಯಾದರೂ ಸಂಪೂರ್ಣವಾಗಿ ಇಲ್ಲವಾಗಿಸುವುದಿಲ್ಲ.

ಬ್ಯಾಕ್ಟೀರಿಯಾದ ಅಪಾಯವು ಪ್ಲೇಟ್‌ಲೆಟ್‌ಗಳಲ್ಲಿ ಹೆಚ್ಚು. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೆ, ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿಯಲ್ಲಿ ಇಡಬೇಕಾಗಿದ್ದು, ಆ ಉಷ್ಣತೆಯಲ್ಲಿ ಸೂಕ್ಷ್ಮಜೀವಿಗಳು ಬೇಗನೆ ವೃದ್ಧಿಸುತ್ತವೆ. ಆದುದರಿಂದಲೇ ಸೂಜಿ ಚುಚ್ಚಿದೊಡನೆ ಹರಿಯುವ, ಚರ್ಮದ ಬ್ಯಾಕ್ಟೀರಿಯಾ ಬೆರೆತಿರಬಹುದಾದ ಮೊದಲ ರಕ್ತವನ್ನು ಮುಖ್ಯ ಚೀಲಕ್ಕೆ ಬಿಡದೆ ಪಕ್ಕದ ಪುಟ್ಟ ಚೀಲಕ್ಕೆ ತಿರುಗಿಸಿ, ಅದನ್ನೇ ಪರೀಕ್ಷೆಗೆ ಬಳಸುವ ವ್ಯವಸ್ಥೆಯೂ ರೂಢಿಗೆ ಬಂದಿದೆ.

ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ, ಹಣಕ್ಕಾಗಿ ರಕ್ತ ನೀಡುವ ಪದ್ಧತಿಯು 1998ರ ಜನವರಿ 1ರಿಂದ ದೇಶದಲ್ಲಿ ನಿಷಿದ್ಧವಾಗಿದೆ. ಯಾವ ಪರೀಕ್ಷೆಯೂ ನೂರಕ್ಕೆ ನೂರು ಪರಿಪೂರ್ಣವಲ್ಲದ ಕಾರಣ, ತನ್ನ ಆರೋಗ್ಯದ ಕುರಿತ ಪ್ರಶ್ನೆಗಳಿಗೆ ದಾನಿಯು ನೀಡುವ ಪ್ರಾಮಾಣಿಕ ಉತ್ತರವೇ ರೋಗಿಯ ಮೊದಲ ರಕ್ಷಣೆಯಾಗಿದೆ.