ಇತಿಹಾಸ ಓದಿ ಏನು ಪ್ರಯೋಜನ? ಹರಪನಹಳ್ಳಿಯನ್ನೇ ನೋಡಿ

"ಇತಿಹಾಸ ಓದಿದ್ರೆ ಹೊಟ್ಟೆ ತುಂಬುತ್ತಾ?" ಪಿಯುಸಿ ಅಡ್ಮಿಷನ್ ಸಮಯ ಬಂದ್ರೆ ಮನೆಮನೆಯಲ್ಲಿ ಕೇಳೋ ಮಾತಿದು. ರಾಜರ ಹೆಸರು, ಯುದ್ಧದ ಇಸವಿ ಬಾಯಿಪಾಠ ಮಾಡೋದಷ್ಟೇ ಇತಿಹಾಸ ಅಂದ್ರೆ ಪ್ರಶ್ನೆ ಸರಿಯೇ. ಆದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದವರ ಮಟ್ಟಿಗೆ ಇತಿಹಾಸ ಮನೆಯ ಟ್ರಂಕಿನೊಳಗೇ ಇದೆ.

ಊರು ಅಲ್ಲೇ, ಜಿಲ್ಲೆ ಬೇರೆ

1800ರಲ್ಲಿ ಹೈದರಾಬಾದ್ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂಬ ಹೆಸರು ಬಂದದ್ದು ಹಾಗೆ. ಅಲ್ಲಿಂದ ಆಡಳಿತವೆಲ್ಲ ಮದ್ರಾಸಿನದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ಹರಪನಹಳ್ಳಿ ಅತ್ತ ಹೋಯ್ತು. 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ.

ಹಾಗಾಗಿ ಹರಪನಹಳ್ಳಿಯ ಒಂದೇ ಮನೆಯಲ್ಲಿ ಅಜ್ಜನ ಕ್ರಯಪತ್ರ ಮದ್ರಾಸ್ ಕಾಲದ್ದು, ಅಪ್ಪನ ಮಾರ್ಕ್ಸ್ ಕಾರ್ಡ್ ಬಳ್ಳಾರಿ ಜಿಲ್ಲೆಯದ್ದು, ಮಗನದು ದಾವಣಗೆರೆಯದ್ದು ಇರಬಹುದು. ಮನೆ ಮಾತ್ರ ಕದಲಿಲ್ಲ.

ಗೆರೆ ಬದಲಾದ್ರೆ ಕೆಲಸವೂ ಹೋಗುತ್ತೆ

2013ರಲ್ಲಿ 371(ಜೆ) ಜಾರಿಯಾಯ್ತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜತೆ ಬಳ್ಳಾರಿ ಜಿಲ್ಲೆಗೂ ಶಿಕ್ಷಣ, ಸರ್ಕಾರಿ ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿ ಬಂತು. ಪಕ್ಕದ ಹಡಗಲಿ, ಕೂಡ್ಲಿಗಿ ಒಳಗೆ ಬಂದ್ರೆ, ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗೆ ಉಳೀತು. ಅದೇ ಮಳೆ, ಅದೇ ಬರ, ಅದೇ ಮೆಕ್ಕೆಜೋಳ. ಆದ್ರೆ ಸೀಟು, ನೌಕರಿ ವಿಷಯಕ್ಕೆ ಬಂದ್ರೆ ಬೇರೆ ಲೆಕ್ಕ.

ಇದರ ವಿರುದ್ಧ ಹೋರಾಟ ನಡೆದಾಗ ಕೈಗೆ ಬಂದದ್ದು ಇತಿಹಾಸವೇ. "ನಾವು ಮೊದಲಿಂದ್ಲೂ ಬಳ್ಳಾರಿಯವರು" ಅನ್ನೋದು ಬರೀ ಅಭಿಮಾನದ ಮಾತಲ್ಲ, ದಾಖಲೆ ಇರೋ ಮಾತು. 371(ಜೆ) ಸೌಲಭ್ಯದ ಬೇಡಿಕೆಯ ಬೆನ್ನಲ್ಲೇ ತಾಲ್ಲೂಕು ಬಳ್ಳಾರಿಗೆ ವಾಪಸ್ ಬಂತು.

ಮನೆಯಲ್ಲೇ ಶುರು ಮಾಡಿ

ಹಿರೇಹಡಗಲಿಯಲ್ಲಿ ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟ ಸಿಕ್ಕಿದೆ. ಸುಮಾರು ನಾಲ್ಕನೇ ಶತಮಾನದ್ದು. ಅದೂ ಒಂದು ದಾನಪತ್ರವೇ: ಯಾರು, ಯಾರಿಗೆ, ಏನು ಕೊಟ್ಟರು ಅನ್ನೋ ದಾಖಲೆ. ನಮ್ಮ ಪಹಣಿ, ಕ್ರಯಪತ್ರ ಮಾಡೋ ಕೆಲಸವೂ ಅದೇ.

ಆದ್ದರಿಂದ ಹಳೇ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಕ್ರಯಪತ್ರ, ಶಾಲೆಯ ಟಿಸಿ, ಜನನ ದಾಖಲೆ, ಅಂಗಡಿ ಲೈಸೆನ್ಸ್ ಇಸವಿ ಪ್ರಕಾರ ಜೋಡಿಸಿಡಿ. ಜಿಲ್ಲೆಯ ಹೆಸರು ಯಾಕೆ ಬೇರೆ ಬೇರೆ ಇದೆ ಅಂತ ಮಕ್ಕಳಿಗೂ ಹೇಳಿಕೊಡಿ. 371(ಜೆ) ಪ್ರಮಾಣಪತ್ರಕ್ಕೆ ಅರ್ಜಿ ಹಾಕೋ ದಿನ ಟೇಬಲ್ ಆಚೆ ಕೂತವರು ಕೇಳೋದು ಒಂದೇ: ನೀವು ಯಾವ ಊರಿನವರು, ಎಷ್ಟು ವರ್ಷದಿಂದ? ಉತ್ತರ ಬಾಯಲ್ಲಿದ್ರೆ ಸಾಲದು, ಕಾಗದದಲ್ಲಿರಬೇಕು.